ಉಸಿರು ಬೇರಿನ ಮೇಲೆ ನಿರ್ಮಾಲ್ಯ

ಕಳೆದ ಶನಿವಾರ ನಾನು ಎಸೆದ ದೇವರ ಹೂವು ಮರಕ್ಕೆ ನೇತುಬಿತ್ತು.

ನಡೆದದ್ದಿಷ್ಟು. ನಮ್ಮ ಮಾವನಿಗೆ ಉಬ್ಬಸ. ಮಳೆಗಾಲ ಮುಗಿದರೂ ಬಿಟ್ಟಿಲ್ಲ. ಉಡುಪಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಅದಕ್ಕೆಂದೇ ದಿನವೂ ಪೂಜೆ ಹಿಡಿದಿದ್ದಾರೆ. ವಾರದ ನಿರ್ಮಾಲ್ಯವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟಾಗಿ ನನ್ನ ಕೈಗೆ ಬರುತ್ತದೆ. ಡೊಂಬಿವಲಿಯಿಂದ ನೌಪಾಡಾದ ಆಫೀಸಿಗೆ ಹೋಗುವ ಸೊಸೆ ಇರುವುದು ಮತ್ತೆ ಯಾತಕ್ಕೆ? ಕಳವಾ ದಾಟಿ ಲೋಕಲ್ ರೈಲು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಏರಿದೊಡನೆ ಬಾಗಿಲಿಂದ ಎಸೆಯಬೇಕು. ಹರಿಯುವ ನೀರಿಗೇ ಬೀಳಬೇಕು. ಯಾರದಾದರೂ ಕಾಲಿಗೆ ತಾಗಿದರೆ ಪೂಜೆಯ ಫಲ ಹೋಯಿತು ಎಂಬ ಭಯ ಅತ್ತೆಗೆ. (ನಾನೊಬ್ಬಳೇ ಅಲ್ಲ. ಸೇತುವೆ ಬಂದರೆ ಅರ್ಧ ಲೇಡೀಸ್ ಡಬ್ಬಿ ಕೈ ಮುಗಿಯುತ್ತದೆ, ಇನ್ನರ್ಧ ಚೀಲ ಎಸೆಯುತ್ತದೆ.)

ಅಂದು ನೀರು ಇಳಿದಿತ್ತು, ಗಾಳಿಯೂ ಇತ್ತು. ಚೀಲ ದಡದ ಮ್ಯಾಂಗ್ರೋವ್ ಕೊಂಬೆಗೆ ಸಿಕ್ಕಿಕೊಂಡಿತು.

"ತುಝಾ ದೇವ್ ಝಾಡಾವರ್ ಅಡಕಲಾ ಗ," ಪಕ್ಕದವಳು ನಕ್ಕಳು. ನಿನ್ನ ದೇವರು ಮರಕ್ಕೆ ಸಿಕ್ಕಿಕೊಂಡ ಅಂತ.

ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು. "ನೀರಿಗೇ ಬಿತ್ತಲ್ಲ?"

"ಮರಕ್ಕೆ ಸಿಕ್ಕಿಕೊಳ್ತು ಅತ್ತೆ."

ಅವರ ಮುಖ ಸಣ್ಣದಾಯಿತು. "ಇವರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆ ಕಾಂಡ್ಲಾ ಮರ ಕಡಿಸಿ ಹಾಕ್ಲಿಕ್ಕೆ ಸರ್ಕಾರಕ್ಕೆ ಎಂತ ದಾಡಿ?"

ಇಲ್ಲೇ ಹುಟ್ಟಿದ ನನ್ನ ಮಗಳು ಎಂದಿನಂತೆ ಹಿಂದಿಯಲ್ಲಿ ಉತ್ತರಿಸಿದಳು. "ಕಾಟ್ ನಹೀ ಸಕ್ತೇ ಅಜ್ಜಿ, ಗವರ್ನಮೆಂಟ್ ನೇ ಜಂಗಲ್ ಬನಾ ದಿಯಾ."

ನಿಜ. ಕಡಿಯುವ ಹಾಗಿಲ್ಲ, ಸರ್ಕಾರ ಈ ಕೆಸರುಕಾಡನ್ನು ರಕ್ಷಿತ ಅರಣ್ಯ ಎಂದು ಸಾರಿದೆ. ನಮ್ಮ ಗಾಡಿಗಳು ಕಾರುವ ಇಂಗಾಲವನ್ನು ಈ ಮರಗಳು ಹೀರಿ ಕೆಸರಿನಡಿ ಕೂಡಿಡುತ್ತವೆ. ಕಡಿದು ಕೆದಕಿದರೆ ಕೂಡಿಟ್ಟದ್ದು ಮತ್ತೆ ಗಾಳಿಗೆ. ನನಗೆ ತಿಳಿದಷ್ಟು ಅತ್ತೆಗೆ ಹೇಳಿದೆ. ಕೆಸರಿನೊಳಗೆ ಗಾಳಿಯಾಡದು, ಅದಕ್ಕೇ ಬೇರುಗಳು ಪೆನ್ಸಿಲಿನ ಹಾಗೆ ಮೇಲೆದ್ದು ಉಸಿರಾಡುತ್ತವೆ, ನಮ್ಮ ಚೀಲಗಳು ಹೋಗಿ ಮುಚ್ಚುವುದು ಅವನ್ನೇ ಎಂದೂ ಹೇಳಿದೆ.

ಮೂಲೆಯಲ್ಲಿ ಇನ್‌ಹೇಲರ್ ಹಿಡಿದು ಕೂತಿದ್ದ ಮಾವ ಅಲ್ಲಿಂದಲೇ, "ನನಗೆ ಉಸಿರು ಕೊಡು ಅಂತ ಬೇಡಿ ಅದರ ಉಸಿರು ಕಟ್ಟಿಸಿದ್ಯಾ ಮಾರಾಯ್ತಿ?" ಎಂದರು.

ಅತ್ತೆ ನಗಲಿಲ್ಲ. ಸರಿಯಾಗಿ ಊಟವನ್ನೂ ಮಾಡಲಿಲ್ಲ. ಮರುದಿನ ಪೂಜೆಯ ಹೂವನ್ನು ಬಾಲ್ಕನಿಯ ತುಳಸಿ ಕುಂಡದ ಮಣ್ಣಿಗೆ ಸೇರಿಸಿ, "ಇಲ್ಲಿ ಯಾರ ಕಾಲೂ ತಾಗುದಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಸರ್ಕಾರವನ್ನು ಮೆಚ್ಚೋಣ. ಕೊಡಲಿ ತಂದವನನ್ನು, ಖಾಡಿಗೆ ಮಣ್ಣು ಸುರಿಯುವ ಬಿಲ್ಡರನ್ನು ತಡೆಯಲು ಅದಕ್ಕೆ ಕಾನೂನಿದೆ. ಆದರೆ ಮನಸ್ಸಿನಲ್ಲಿ ಹರಕೆ, ಕೈಯಲ್ಲಿ ಚೀಲ ಹಿಡಿದು ಲೋಕಲ್ ಬಾಗಿಲಲ್ಲಿ ನಿಂತ ನಮ್ಮಂಥವರನ್ನು ಯಾವ ಕಾನೂನು ತಡೆದೀತು?