ಗ್ಲೌಸ್ ಹಾಕ್ಕೊಂಡು ನಮಸ್ಕಾರ

ಜೆ.ಪಿ. ನಗರದ ಒಂದು ನರ್ಸಿಂಗ್ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆ ಮಾಡೋಕೆ ಹೋಗಿದ್ದೆ. ವಿದ್ಯಾರ್ಥಿಗಳು ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ ತೋರಿಸಬೇಕಿತ್ತು. ಮೊದಲು ಬಂದ ಹುಡುಗಿ ಉಗುರು ಸಂದೀನೂ ಬಿಡದೆ ಕೈ ತೊಳೆದು, ಸ್ಟೆರೈಲ್ ಗ್ಲೌಸನ್ನ ಚೂರೂ ತಪ್ಪಿಲ್ಲದೆ ಹಾಕಿಕೊಂಡಳು. ಆಮೇಲೆ ಸೀದಾ ನನ್ನ ಹತ್ತಿರ ಬಂದು, "ಆಶೀರ್ವಾದ ಮಾಡಿ ಮೇಡಂ" ಅಂತ ಕಾಲು ಮುಟ್ಟಿದಳು. ಬನಶಂಕರಿಯಿಂದ ಬಸ್ಸಲ್ಲಿ ನಿಂತು ಬಂದ ಚಪ್ಪಲಿ ಅದು.

ಅಭ್ಯಾಸಬಲ, "ಪಾಸಾಗಮ್ಮ" ಅಂದುಬಿಟ್ಟೆ. ಅದೇ ಕೈಯಲ್ಲಿ ಗಾಯ ಮುಟ್ಟಿದರೆ ಫೇಲ್ ಮಾಡಬೇಕಾದವಳೂ ನಾನೇ.

ಟ್ರೇ ಹತ್ತಿರ ಹೋದವಳು ಹಾಗೇ ನಿಂತಳು. "ಅಯ್ಯೋ, ನಿಮ್ಮ ಚಪ್ಪಲಿ ಮೇಡಂ" ಅಂತ ನಾಲಿಗೆ ಕಚ್ಚಿಕೊಂಡು, ಗ್ಲೌಸ್ ಬಿಸಾಕಿ, ಮತ್ತೆ ಮೊದಲಿಂದ ಕೈ ತೊಳೆದಳು.

ಪಾಸಾದಳು. ಈಗೆಲ್ಲ ನಾನು ಎಲ್ಲರಿಗೂ ಮೊದಲೇ ಆಶೀರ್ವಾದ ಮಾಡಿ, ಆಮೇಲೆ ಕೈ ತೊಳೆಯೋಕೆ ಕಳಿಸ್ತೀನಿ.