ಅಣ್ಣನ ಮನೆಗೆ ನಾನು ಹೇಳದ ಸಾಕ್ಷಿ

ಕತಾರಿನ ಅಲ್ ವಕ್ರಾದ ಬಾಡಿಗೆ ಫ್ಲ್ಯಾಟಿನಲ್ಲೇ ಮುದುಕನಾದವನು ನಾನು. ಅಮೆರಿಕದಲ್ಲಿ ಸ್ವಂತ ಮನೆ ಮಾಡಿದ ಅಣ್ಣನನ್ನು ನೆನೆದರೆ ಹೊಟ್ಟೆ ಉರಿಯುತ್ತಿತ್ತು. "ನಿನಗೆ ಗೋಡೆಗೆ ಮೊಳೆ ಹೊಡೀಲಿಕ್ಕೂ ಓನರನ್ನು ಕೇಳ್ಬೇಕಲ್ಲ ಮಾರಾಯ" ಎಂದು ಅವನು ಫೋನಿನಲ್ಲಿ ನಗುತ್ತಿದ್ದ.

ಅತ್ತಿಗೆ ಮೊದಲೇ ತೀರಿಕೊಂಡಿದ್ದರು. ಕೊನೆಗಾಲದಲ್ಲಿ ಅಣ್ಣ ನರ್ಸಿಂಗ್ ಹೋಮಿನಲ್ಲಿದ್ದದ್ದು ಸರಕಾರದ ಖರ್ಚಿನಲ್ಲಿ. ಅದಕ್ಕೂ ಕರುಬಿದೆ. ಅವನು ಸತ್ತ ಮೇಲೆ ಮಗಳು ಫೋನ್ ಮಾಡಿದಳು.

"ಚಿಕ್ಕಪ್ಪ, ಆ ಖರ್ಚನ್ನು ಸರಕಾರ ಈಗ ಮನೆ ಮಾರಿಸಿ ವಸೂಲಿ ಮಾಡ್ತದಂತೆ. ಅಪ್ಪ ಅಲ್ಲಿಗೆ ಹೋಗುವ ಮೊದಲು ವರ್ಷಗಟ್ಟಲೆ ನಾನೇ ಜೊತೆಗಿದ್ದು ನೋಡಿಕೊಂಡೆ ಅಂತ ತೋರಿಸಿದ್ರೆ ಮನೆ ಬಿಡ್ತಾರೆ. ನೀವು ಬಂದಾಗೆಲ್ಲ ನೋಡಿದ್ದೀರಲ್ಲ, ಅಷ್ಟು ಬರೆದು ಕೊಡಿ. ಬೇರೆ ಯಾರೂ ಇಲ್ಲ."

ನೋಡಿದ್ದೆ. ಅವಳು ಅವನಿಗೆ ಗಂಜಿ ಉಣ್ಣಿಸುವುದನ್ನೂ ಕೈಹಿಡಿದು ಸ್ನಾನಕ್ಕೆ ಕರೆದೊಯ್ಯುವುದನ್ನೂ ಕಣ್ಣಾರೆ ಕಂಡಿದ್ದೆ. "ಶುಕ್ರವಾರ ರಜೆ ಉಂಟು, ಬರೆದು ಕಳಿಸ್ತೇನೆ ಮಗಾ" ಎಂದೆ. ಆ ಮನೆ ಇನ್ನು ಅವಳದಾಗುತ್ತದೆ ಎಂಬುದನ್ನು ಸಹಿಸಲಾಗದೆ ಒಂದೊಂದೇ ಶುಕ್ರವಾರವನ್ನು ಸುಮ್ಮನೆ ಕಳೆದೆ. ಗಡುವು ಮುಗಿಯಿತು. ಮನೆ ಮಾರಾಟವಾಯಿತು.

ಮೊನ್ನೆ ಅವಳು ಬಾಡಿಗೆ ಮನೆಯಿಂದ ವಿಡಿಯೋ ಕಾಲ್ ಮಾಡಿದಳು. ನನ್ನನ್ನು ಒಂದು ಮಾತೂ ದೂರಲಿಲ್ಲ. "ಮೊಳೆ ಹೊಡೀಲಿಕ್ಕೆ ಇನ್ನು ನಾನೂ ಓನರನ್ನು ಕೇಳ್ಬೇಕು ಚಿಕ್ಕಪ್ಪ" ಎಂದು ನಕ್ಕಳು. ಅಣ್ಣನ ಫೋಟೋ ಅವಳ ಹಿಂದೆ ನೆಲದ ಮೇಲೆಯೇ ಗೋಡೆಗೆ ಒರಗಿ ನಿಂತಿತ್ತು.

ಆಗ ಬರೆಯದ್ದನ್ನು ಈಗ ಬರೆಯುತ್ತಿದ್ದೇನೆ. ಅವಳು ಅಪ್ಪನನ್ನು ಚೆನ್ನಾಗಿ ನೋಡಿಕೊಂಡಳು. ನಾನು ಕಂಡಿದ್ದೇನೆ.