ಕಡವಿನ ಕೆಂಪು ಬಟ್ಟೆ

ಬೆಳಗಿನ ಐದು ಗಂಟೆಗೆ ಬೋಜಪ್ಪ ಮೇಷ್ಟ್ರು ಕಾವೇರಿಯ ಕಡವಿನಲ್ಲಿ, ದೋಣಿ ದಾಟುವ ಜಾಗದಲ್ಲಿ, ಮೊಣಕಾಲು ಮಟ್ಟದ ನೀರಿಗೆ ಇಳಿದು ನಿಂತಿದ್ದಾರೆ. ತಲೆಗೆ ಕಂಬಳಿ ಕೊಪ್ಪೆ, ಎಡಗೈಯಲ್ಲಿ ಲಾಟೀನು, ಬಲಗೈಯಲ್ಲಿ ಜೇಬು ಗಡಿಯಾರ. ಎದುರಿಗೆ ಅತ್ತಿ ಮರದ ಬೇರಿಗೆ ಬಿಗಿದು ಕಟ್ಟಿದ ಒಂದು ಬಿದಿರ ಗಳು. ಅದರ ಮೈತುಂಬ ಇಂಚಿಗೊಂದರಂತೆ ಕತ್ತಿಯಲ್ಲಿ ಕೊರೆದ ಗೆರೆಗಳು. ಮೇಷ್ಟ್ರು ಬಗ್ಗಿ ನೀರು ಮುಟ್ಟಿದ ಗೆರೆಯನ್ನು ನೋಡುತ್ತಾರೆ. "ನಲವತ್ತೊಂದು" ಎಂದು ತಮಗೆ ತಾವೇ ಹೇಳಿಕೊಂಡು, ದಡ ಹತ್ತಿ ಬಂದು, ಮರದ ಪೊಟರೆಯಲ್ಲಿಟ್ಟ ಸ್ಲೇಟಿನ ಮೇಲೆ ಬರೆಯುತ್ತಾರೆ. ಇನ್ನು ಕಾಲು ಗಂಟೆ ಕಾಯಬೇಕು.

ಊರಿನವರು ಅವರಿಗೆ ಇಟ್ಟ ಹೆಸರು ಕೋಲು ಮೇಷ್ಟ್ರು. ಐವತ್ನಾಲ್ಕು ವರ್ಷದ ಮನುಷ್ಯ, ಜ್ವರವಿರಲಿ ಇಲ್ಲದಿರಲಿ, ಮಳೆಗಾಲ ಪೂರ್ತಿ ಹೊತ್ತು ಮೂಡುವ ಮೊದಲೇ ಬಂದು ಹೊಳೆ ಅಳೆಯುವುದನ್ನು ಕಂಡು, ತಲೆ ಕೆಟ್ಟಿದೆ ಎಂದು ಮೂರ್ನಾಡಿನ ಸಂತೆಯಲ್ಲಿ ನಗುವವರೂ ಇದ್ದಾರೆ. ಹಾಗೆ ನಗುವವರಲ್ಲಿ ಒಬ್ಬರಾದರೂ ಐದು ಗಂಟೆಗೆ ಈ ನೀರಿಗೆ ಕಾಲಿಟ್ಟು ನೋಡಿದ್ದಿಲ್ಲ. ಅಸಲಿಗೆ ಹೊಳೆ ಅಳೆಯುವುದು ಮೇಷ್ಟ್ರ ಕೆಲಸವೂ ಅಲ್ಲ. ಅವರ ಕೆಲಸ ಕ್ಯಾಲ್ಕುಲಸ್ ಕಲಿಸುವುದು.

ಕೊಡಗಿನಲ್ಲಿ ಕಾಲೇಜಿಲ್ಲ. ಬಿ.ಎ. ಓದುವ ಆಸೆಯಿದ್ದವರು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಮೈಸೂರಿಗೆ. ಹೋದವರಲ್ಲಿ ಗಣಿತ ತೆಗೆದುಕೊಂಡ ಹಲವರು ಕ್ಯಾಲ್ಕುಲಸ್ ಪೇಪರಿನಲ್ಲಿ ಮುಗ್ಗರಿಸಿ, ಟ್ರಂಕು ಹೊತ್ತು ಮನೆಗೆ ವಾಪಸಾಗುತ್ತಾರೆ. ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಕೂರಬಹುದು. ಆದರೆ ಜೂನಿನಿಂದ ಸೆಪ್ಟೆಂಬರಿನ ತನಕ ಈ ಮಳೆಯಲ್ಲಿ, ಗದ್ದೆ ನಾಟಿಯ ನಡುವೆ, ಅವರಿಗೆ ಹೇಳಿಕೊಡುವವರು ಯಾರು? ಮಂಗಳೂರಿನ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಗಣಿತ ಹೇಳಿ, ಹೆಂಡತಿ ತಂಗಮ್ಮನನ್ನು ಚಳಿಜ್ವರಕ್ಕೆ ಕಳೆದುಕೊಂಡು, ಅದೇ ಜ್ವರವನ್ನು ತಮ್ಮ ಮೈಯಲ್ಲೂ ಇಟ್ಟುಕೊಂಡು ಊರಿಗೆ ಮರಳಿದ ಬೋಜಪ್ಪನವರು ಆ ಕೆಲಸ ಹಚ್ಚಿಕೊಂಡರು.

ಕಡವಿನಿಂದ ಕೂಗಳತೆಯಲ್ಲಿ ಒಂದು ಎಸ್ಟೇಟಿನ ಕಾಫಿ ಗೋದಾಮಿದೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾಗುವ ತನಕ ಅದು ಖಾಲಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೀಗದ ಕೈ ಕೊಟ್ಟಿದ್ದಾರೆ. ಏಳು ಗಂಟೆಗೆ ಹಾಜರಿ, ಹತ್ತರವರೆಗೆ ಪಾಠ. ಈ ವರ್ಷ ಏಳು ಜನ, ಗೋಣಿಚೀಲಗಳ ಮೇಲೆ ಕೂರುತ್ತಾರೆ. ಮೊದಲ ದಿನ ಪ್ರತಿಯೊಬ್ಬರೂ ಪರೀಕ್ಷೆಯಲ್ಲಿ ತಮ್ಮ ಕೈ ಎಲ್ಲಿ ನಿಂತಿತೋ ಆ ಪ್ರಶ್ನೆಯನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯಬೇಕು. ಸೋತದ್ದನ್ನು ಮುಚ್ಚಿಟ್ಟುಕೊಂಡು ಬಂದವರಿಗೆ ಅದೇ ಮೊದಲ ಪರೀಕ್ಷೆ. ಬಿಡಿಸಿದ ದಿನ ಅವರೇ ಅದನ್ನು ಅಳಿಸಬೇಕು. ಹಾಜರಿಯಲ್ಲಿ ಮಾತ್ರ ಮೇಷ್ಟ್ರು ಕಟುಕರು: ಬಾರದವನು ಬರಲಿಲ್ಲ, ಅಷ್ಟೇ. ಕಾರಣ ಕೇಳಿ ಅಯ್ಯೋ ಎನ್ನುತ್ತಾರೆ, ಹಾಜರಿ ಹಾಕುವುದಿಲ್ಲ.

ಅಂಚೆ ಕಚೇರಿಯ ಗುಮಾಸ್ತರ ಮಗಳು ದಮಯಂತಿ ಈ ಏಳರಲ್ಲಿ ಒಬ್ಬಳು. ಅವಳ ಪ್ರಶ್ನೆ ಗೋಡೆಯ ಮೇಲೆ ಇನ್ನೂ ಅರ್ಧ ಉಳಿದಿದೆ. "ಕಾಲೇಜಿನಲ್ಲಿ ಗೊತ್ತಾಗ್ಲಿಲ್ಲ ಸರ್ ಅಂತ ಎದ್ದು ನಿಂತ್ರೆ ಹಿಂದಿನ ಬೆಂಚಿನವರು ಕಿಸಕ್ ಅಂತಿದ್ರು. ಇದು ಸುಲಭ, ರೂಮಿಗೆ ಹೋಗಿ ನೋಡ್ಕೊ ಅಂತಿದ್ರು ಲೆಕ್ಚರರು. ಇಲ್ಲಿ ಗೊತ್ತಾಯ್ತು ಅಂದ್ರೇ ಕಷ್ಟ. ಹಾಗಾದ್ರೆ ಎದ್ದು ಬಂದು ನಮಗೆ ಹೇಳ್ಕೊಡು ಅಂತಾರೆ ಮೇಷ್ಟ್ರು. ಒಂದೇ ಲೆಕ್ಕ ಆರು ದಿನ ಮಾಡ್ಸಿದ್ದಾರೆ ನನ್ನತ್ರ. ಒಂದು ದಿನಾನೂ ಮುಖ ಗಂಟು ಹಾಕ್ಲಿಲ್ಲ."

ಅವಳು ಇನ್ನೊಂದು ನಿಯಮವನ್ನೂ ಹೇಳುತ್ತಾಳೆ. ಸರಾಸರಿ ವೇಗದ ಪಾಠ ಶುರುವಾದ ದಿನ, ಆ ಕ್ಷಣದ ವೇಗದ ಪಾಠ ಮುಗಿಯುವವರೆಗೆ ಗೋದಾಮಿನಿಂದ ಯಾರೂ ಏಳುವಂತಿಲ್ಲ. ಈ ವರ್ಷ ಅದು ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಹಸಿವಿಗೆ ಎಲ್ಲರ ಕಣ್ಣು ಕತ್ತಲಿಟ್ಟಿತ್ತು, ಮೇಷ್ಟ್ರಿಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನುತ್ತಿತ್ತು. "ನಾಳೆ ಮಾಡುವಾ ಮೇಷ್ಟ್ರೇ" ಎಂದವನ ಕಡೆ ಅವರು ನೋಡಿದ ನೋಟವನ್ನು ದಮಯಂತಿ ಮರೆತಿಲ್ಲ. ಆ ನಿಯಮ ಹುಟ್ಟಿದ್ದು ಮೂರು ವರ್ಷದ ಹಿಂದೆ, 1934ರ ಜುಲೈಯಲ್ಲಿ.

ಅಂದು ಸೋಮವಾರ. ಮೇಷ್ಟ್ರು ಸರಾಸರಿ ಹೇಳಿಕೊಟ್ಟರು: ಇಷ್ಟು ಗಂಟೆಯಲ್ಲಿ ಇಷ್ಟು ಏರಿದರೆ ಗಂಟೆಗೆ ಎಷ್ಟು. ಹೊಳೆಗಿಂತ ಒಳ್ಳೆಯ ಉದಾಹರಣೆ ಬೇಕೇ? ಕೋಲು ನೆಟ್ಟು ಹೊಳೆ ಏರುವುದನ್ನು ಗಂಟೆ ಗಂಟೆಗೆ ಅಳೆದು ತನ್ನಿ ಎಂದು ಮನೆಗೆಲಸ ಕೊಟ್ಟರು. ಆ ಹೊತ್ತಿಗೆ ಚಳಿ ಬಂತು. "ಉಳಿದದ್ದು ಗುರುವಾರ" ಎಂದು ಹೇಳಿ, ಕ್ವಿನೈನ್ ನುಂಗಿ ಮಲಗಿದರು. ಉಳಿದದ್ದು ಎಂದರೆ, ಸರಾಸರಿಯನ್ನು ನಂಬಬೇಡಿ ಎನ್ನುವ ಪಾಠ.

ಆಚೆ ದಡದ ಬೆಳ್ಯಪ್ಪನಿಗೆ ಆಗ ಇಪ್ಪತ್ತೆರಡು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಬುಧವಾರ ಸಂಜೆ ಆರರಿಂದ ಗುರುವಾರ ಬೆಳಗ್ಗೆ ಆರರ ತನಕ, ನಿದ್ದೆಗೆಟ್ಟು, ಕೊಟ್ಟ ಕೆಲಸವನ್ನು ತಪ್ಪದೆ ಮಾಡಿದ. ಹನ್ನೆರಡು ಗಂಟೆಯಲ್ಲಿ ಮೂವತ್ತಾರು ಇಂಚು, ಗಂಟೆಗೆ ಮೂರು. ಕಡವಿನ ನಡುವೆ ಒಂದು ಬಂಡೆಯಿದೆ. ಅದರ ನೆತ್ತಿ ನೀರಿನ ಮೇಲಿರುವ ತನಕ ಅದರ ಮರೆಯಲ್ಲಿ ದೋಣಿ ದಾಟುತ್ತದೆ. ಬಂಡೆ ಮುಳುಗಿತೆಂದರೆ ಸೆಳವು ನೇರ ಬಂದು ಹೊಡೆಯುತ್ತದೆ. ಆರು ಗಂಟೆಗೆ ಬಂಡೆ ಮುಳುಗಲು ಆರು ಇಂಚು ಬಾಕಿಯಿತ್ತು. ಹಾಗಾದರೆ ಎರಡು ಗಂಟೆ ಸಮಯವಿದೆ ಎಂದು ಬೆಳ್ಯಪ್ಪ ಲೆಕ್ಕ ಹಾಕಿದ. ಮನೆಗೆ ಹೋಗಿ ಕಾಫಿ ಕುಡಿದು ಆರೂಮುಕ್ಕಾಲಿಗೆ ಕಡವಿಗೆ ಬಂದ.

ದೋಣಿಯ ಬೀರ ಅಂದಿನ ಮಾತನ್ನು ಹೇಳುವಾಗ ನೆಲ ನೋಡಿಕೊಂಡೇ ಹೇಳುತ್ತಾನೆ. "ಮಳೆ ಮಬ್ಬಿಗೆ ಬಂಡೆ ಕಾಣ್ತಿರ್ಲಿಲ್ಲ ಅಯ್ಯ. ಬೇಡ ಸಣ್ಣಯ್ಯ, ಹೊಳೆ ಸದ್ದು ಸರಿಯಿಲ್ಲ ಅಂದೆ. ಗಂಟೆಗೆ ಮೂರೇ ಇಂಚು ಬೀರ, ಇನ್ನೂ ಒಂದು ಗಂಟೆ ಮೇಲೆ ಟೈಮುಂಟು ಅಂತ ಸ್ಲೇಟು ತೋರಿಸಿದ್ರು. ನಂಗೆ ಓದಕ್ಕೆ ಬರ್ತದಾ? ನನ್ನ ಕಿವಿ ಬೇಡ ಅಂತಿತ್ತು. ಓದಿದವರು ಬರೆದು ತೋರಿಸಿದ್ದಲ್ವಾ ಅಂತ ದೋಣಿ ಬಿಚ್ಚಿದೆ."

ಬಂಡೆ ಆಗಲೇ ಮುಳುಗಿತ್ತು. ನಡುಹೊಳೆಯಲ್ಲಿ ದೋಣಿ ಮಗುಚಿತು. ಬೀರನಿಗೆ ಹಿಡಿದುಕೊಳ್ಳಲು ಬಿದಿರ ಮೆಳೆ ಸಿಕ್ಕಿತು. ಬೆಳ್ಯಪ್ಪ ನಾಲ್ಕನೇ ದಿನ ದುಬಾರೆಯ ಹತ್ತಿರ ಸಿಕ್ಕಿದ. ಮರ ಎಳೆಸಲು ಆನೆ ತಂದಿದ್ದ ಮಾವುತರು ನೋಡಿ ಹೇಳಿ ಕಳಿಸಿದರು. ಮನೆಯಲ್ಲಿ ಉಳಿದ ಅವನ ಪುಸ್ತಕವನ್ನು ಮೇಷ್ಟ್ರು ತೆರೆದು ನೋಡಿದಾಗ ಗಂಟೆವಾರು ಅಳತೆ ಎಲ್ಲ ನೀಟಾಗಿ ಬರೆದಿತ್ತು. ಐದು ಗಂಟೆಗೆ ಇಪ್ಪತ್ತೇಳು, ಆರು ಗಂಟೆಗೆ ಮೂವತ್ತಾರು. ಕೊನೆಯ ಒಂದೇ ಗಂಟೆಯಲ್ಲಿ ಒಂಬತ್ತು ಇಂಚು. ಅವನನ್ನು ಉಳಿಸಬಹುದಾಗಿದ್ದ ಅಂಕಿಯನ್ನು ಅವನೇ ತನ್ನ ಕೈಯಾರೆ ಬರೆದಿದ್ದ. ಅದನ್ನು ಹೇಗೆ ನೋಡಬೇಕೆಂದು ಅವನಿಗೆ ಯಾರೂ ಇನ್ನೂ ಹೇಳಿರಲಿಲ್ಲ. ಅದನ್ನು ಕೇಳಲೆಂದೇ ಅವನು ದೋಣಿ ಹತ್ತಿದ್ದ.

ಆ ವರ್ಷ ಗೋದಾಮಿನ ಬಾಗಿಲು ಮತ್ತೆ ತೆರೆಯಲಿಲ್ಲ. ಉಳಿದ ಐವರು ತಾವೇ ಓದಿಕೊಂಡು ಕೂತು, ನಾಲ್ವರು ಮತ್ತೆ ನಪಾಸಾದರು. "ಬಿಟ್ಟೇ ಬಿಡೋಣಾಂತಿದ್ದೆ" ಎನ್ನುತ್ತಾರೆ ಮೇಷ್ಟ್ರು. "ಆಮೇಲೆ ಯೋಚಿಸಿದೆ. ಬಿಟ್ರೆ ಅರ್ಧ ಪಾಠ ಹೇಳಿ ಓಡಿಹೋದವ ಆಗ್ತೇನೆ. ಅವ ಬಂದು ಕೇಳಿದ್ರೆ ಎಂತ ಹೇಳ್ಲಿ?" ಮರುವರ್ಷ ಜೂನಿನಲ್ಲಿ ಗೋದಾಮು ತೆರೆಯುವ ಮೊದಲು ಕಡವಿನಲ್ಲಿ ಗಳು ನೆಟ್ಟರು, ಪಕ್ಕದಲ್ಲಿ ಒಂದು ಎತ್ತರದ ಕಂಬ. ಹೊಳೆಯ ಏರಿಕೆಯ ವೇಗವೇ ಏರುತ್ತಿದ್ದರೆ ಕಂಬಕ್ಕೆ ಕೆಂಪು ಬಟ್ಟೆ ಹತ್ತುತ್ತದೆ. ಅದು ಕಂಡರೆ ಆಚೆ ದಡದಿಂದ ಬೀರ ದೋಣಿ ಇಳಿಸುವುದಿಲ್ಲ. ಸೇತುವೆ ದಾರಿ ಹಿಡಿದರೆ ಏಳು ಮೈಲಿ ಸುತ್ತು, ಆ ದಿನದ ಪಾಠ ಹೋದಂತೆಯೇ. ಮೂರು ಮಳೆಗಾಲದಲ್ಲಿ ಬಟ್ಟೆ ಏರಿದ್ದು ಮೂವತ್ತೊಂದು ಸಲ. ವಿದ್ಯಾರ್ಥಿಗಳು ಹೊಳೆಯ ಹತ್ತಿರ ಕೋಲು ಹಿಡಿಯಕೂಡದು ಎಂದು ಕಟ್ಟಪ್ಪಣೆ. ಅಳೆಯುವುದು ತಮ್ಮ ಪಾಲಿನದು, ನೀವು ಬಟ್ಟೆ ನೋಡಿ ಎನ್ನುತ್ತಾರೆ.

ಈ ವರ್ಷ ಆಚೆ ದಡದಿಂದ ಬರುವವನು ಒಬ್ಬನೇ. ಕುಟ್ಟಪ್ಪ, ಬೆಳ್ಯಪ್ಪನ ತಮ್ಮ. ಅಣ್ಣ ಸೋತ ಪೇಪರಿನಲ್ಲೇ ಅವನೂ ಸೋತು ಬಂದಿದ್ದಾನೆ. ಇನ್ನು ಹದಿನೆಂಟು ದಿನಕ್ಕೆ ಪರೀಕ್ಷೆ. ಈ ಸಲವೂ ಹೋದರೆ ಮನೆಯಲ್ಲಿ ಮತ್ತೆ ಕಳಿಸುವ ಶಕ್ತಿಯಿಲ್ಲ. ಒಂದು ದಿನದ ಪಾಠ ತಪ್ಪಿದರೂ ಅವನ ಮುಖ ಕಪ್ಪಿಡುತ್ತದೆ. ಮೇಷ್ಟ್ರಿಗೆ ನಿದ್ದೆ ಬಾರದಿರುವುದು ಅದಕ್ಕೇ. ಕಲಿಯುವ ಹಟ ಅಣ್ಣನಿಗೂ ಇಷ್ಟೇ ಇತ್ತು.

ತಾಯಿ ಹೊನ್ನಮ್ಮ ಆಚೆ ದಡದ ಮನೆಯ ಜಗಲಿಯಲ್ಲಿ ಮಾತಿಗೆ ಸಿಗುತ್ತಾರೆ. ಕೇಳಿದ್ದಕ್ಕೆ ತಡವಾಗಿ, ಆದರೆ ನೇರವಾಗಿ ಉತ್ತರ. "ಮೇಷ್ಟ್ರ ಮೇಲೆ ನಂಗೆ ಸಿಟ್ಟು ಇಲ್ಲೇಂತ ಬರಿಬೇಡಿ. ಉಂಟು. ಸಾಯುವಲ್ಲಿವರೆಗೆ ಇರ್ತದೆ." ಅವರೇ ಮುಂದುವರಿಸುತ್ತಾರೆ. "ಆದ್ರೂ ಕಳಿಸ್ತೇನೆ. ದೊಡ್ಡವ ಎಲ್ಲಿ ತಪ್ಪಿದಾಂತ ಸಣ್ಣವನಿಗಾದ್ರೂ ಗೊತ್ತಾಗ್ಲಿ. ಹೇಳಿಕೊಡುವವರು ಬೇರೆ ಯಾರಿದ್ದಾರೆ?" ಮೂರು ವರ್ಷದಲ್ಲಿ ಅವರು ಮೇಷ್ಟ್ರ ಜೊತೆ ಒಂದು ಮಾತೂ ಆಡಿಲ್ಲ. ಆ ಸಿಟ್ಟನ್ನು ಮೇಷ್ಟ್ರಿಗೆ ಬಾಯಿಬಿಟ್ಟು ತಿಳಿಸಬೇಕಾಗಿಯೂ ಇಲ್ಲ.

ಕಡವಿನಲ್ಲಿ ಈಗ ಐದೂಮುಕ್ಕಾಲು. ಸ್ಲೇಟಿನ ಮೇಲೆ ನಾಲ್ಕು ಅಂಕಿಗಳು: ನಲವತ್ತೊಂದು, ನಲವತ್ತೆರಡು, ನಲವತ್ತನಾಲ್ಕು, ನಲವತ್ತೇಳು. ಮುಕ್ಕಾಲು ಗಂಟೆಯಲ್ಲಿ ಆರು ಇಂಚು ಎಂದು ಹೇಳಿದರೆ ಅಂಥ ಭಯವೇನೂ ಕಾಣುವುದಿಲ್ಲ. ಮೇಷ್ಟ್ರು ನೋಡುವುದು ಅದನ್ನಲ್ಲ. ಮೊದಲ ಕಾಲು ಗಂಟೆಗೆ ಒಂದು, ಮುಂದಿನದಕ್ಕೆ ಎರಡು, ಅದರ ಮುಂದಿನದಕ್ಕೆ ಮೂರು. "ಮೇಲೆ ಎಲ್ಲೋ ಜೋರು ಸುರಿದಿದೆ" ಎನ್ನುತ್ತ ಕಂಬದ ಹಗ್ಗ ಎಳೆಯುತ್ತಾರೆ. ಕೆಂಪು ಬಟ್ಟೆ ಮೇಲೇರುತ್ತದೆ.

ಏರಿ ಪ್ರಯೋಜನವಿಲ್ಲ. ಹೊಳೆಯ ಮೇಲೆ ಮಂಜು ದಟ್ಟವಾಗಿ ಕೂತಿದೆ. ಕಂಬದ ಬುಡದಲ್ಲಿ ನಿಂತವರಿಗೇ ಬಟ್ಟೆ ಕಾಣುತ್ತಿಲ್ಲ, ಇನ್ನು ಆಚೆ ದಡಕ್ಕೆ ಕಾಣುವುದೆಲ್ಲಿ? ಮೇಷ್ಟ್ರು ಲಾಟೀನು ಎತ್ತಿ ಬೀಸುತ್ತಾರೆ. "ಬೀರಾ! ಬಿಡಬೇಡ ದೋಣಿ! ಕುಟ್ಟಪ್ಪಾ!" ಹೊಳೆಯ ಮೊರೆತದಲ್ಲಿ ಆ ಕೂಗು ಹತ್ತು ಮಾರು ದೂರವೂ ಹೋಗುವುದಿಲ್ಲ. ಇಷ್ಟು ಹೊತ್ತು ಲೆಕ್ಕದ ಮೇಷ್ಟ್ರಾಗಿದ್ದವರು ಈಗ ಬರೀ ಮುದುಕ. ಕಂಬಳಿ ಕೆಳಗೆ ಬಿದ್ದಿದೆ, ತೊಡೆಯ ಮಟ್ಟದ ನೀರಿಗೆ ಇಳಿದಿದ್ದಾರೆ, ಗಂಟಲು ಹರಿಯುವಂತೆ ಕುಟ್ಟಪ್ಪನ ಹೆಸರನ್ನೇ ಕೂಗುತ್ತಿದ್ದಾರೆ. ನಡುನಡುವೆ ಬಾಯಿ ತಪ್ಪಿ ಬೆಳ್ಯಪ್ಪ ಎಂದೂ ಬರುತ್ತದೆ.

ಮಂಜು ತೆಳುವಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಮೊದಲು ಕಂಡದ್ದು ದೋಣಿ: ದಡದ ಮೇಲೆ, ಕವುಚಿ ಹಾಕಿದ್ದು. ಅದರ ಪಕ್ಕ ಕೂತ ಬೀರ. ಆಮೇಲೆ ನೀರಂಚಿನಲ್ಲಿ ನೆಟ್ಟ ಒಂದು ಕೋಲು, ಯಾರೂ ನೆಡಬಾರದೆಂದು ಅಪ್ಪಣೆಯಿದ್ದ ಕೋಲು. ಕೋಲಿನ ಮುಂದೆ ಕುಟ್ಟಪ್ಪ ಕುಕ್ಕರಗಾಲಿನಲ್ಲಿ ಕೂತು ಸ್ಲೇಟಿನಲ್ಲಿ ಬರೆಯುತ್ತಿದ್ದಾನೆ. ಸ್ಲೇಟು ನೆನೆಯದಂತೆ ಹೊನ್ನಮ್ಮ ಕೊಡೆ ಹಿಡಿದಿದ್ದಾರೆ. ಹಿಂದಿನ ಮರದ ಕೊಂಬೆಗೆ ಕುಟ್ಟಪ್ಪ ತಲೆಗೆ ಸುತ್ತಿಕೊಳ್ಳುವ ಕೆಂಪು ಚೌಕ ಕಟ್ಟಿದೆ. ಈಚೆ ದಡದ ಬಟ್ಟೆ ಕಾಣುವ ಮೊದಲೇ ಆಚೆ ದಡದಲ್ಲಿ ಬಟ್ಟೆ ಏರಿತ್ತು.

ಕುಟ್ಟಪ್ಪ ಎದ್ದು ನಿಂತು ಈ ಕಡೆಗೆ ಕೈ ಬೀಸುತ್ತಾನೆ. ಹೊನ್ನಮ್ಮ ಈ ಕಡೆ ನೋಡುವುದಿಲ್ಲ. ಕೊಡೆ ಮಡಿಸಿ ದಿಬ್ಬ ಹತ್ತುತ್ತಾರೆ. ಮೇಷ್ಟ್ರು ಕಂಬಳಿ ಹುಡುಕಿ ಹೊದ್ದುಕೊಳ್ಳುತ್ತಾರೆ.

ಏಳು ಗಂಟೆಗೆ ಗೋದಾಮಿನಲ್ಲಿ ಹಾಜರಿ. ಒದ್ದೆ ಪಂಚೆಯಲ್ಲೇ ನಿಂತು ಒಂದೊಂದೇ ಹೆಸರು ಕರೆಯುತ್ತಾರೆ. ಕುಟ್ಟಪ್ಪನ ಹೆಸರು ಬಂದಾಗ ಯಾರೂ ಉತ್ತರಿಸುವುದಿಲ್ಲ. ಮೇಷ್ಟ್ರು ಪೆನ್ಸಿಲ್ ಒತ್ತಿ ಹಾಜರಿ ಗುರುತು ಹಾಕುತ್ತಾರೆ.

ದಮಯಂತಿಗೆ ಸುಮ್ಮನಿರಲಾಗುವುದಿಲ್ಲ. "ಬರದವ್ರಿಗೆ ಹಾಜರಿ ಇಲ್ಲಾಂತ ನೀವೇ ಹೇಳಿದ್ದಲ್ವಾ ಮೇಷ್ಟ್ರೇ?"

"ಹೌದು" ಎನ್ನುತ್ತಾರೆ ಬೋಜಪ್ಪನವರು, ಪುಸ್ತಕ ಮುಚ್ಚುತ್ತ. "ಇವತ್ತಿನ ಪಾಠ ಅವ ಅಲ್ಲೇ ಮುಗಿಸಿದ."